ಮೈ ತುಂಬಿಸುವ ಕೋಣೆ

ಬೆಳಿಗ್ಗೆ ಸೋದರತ್ತೆ ಆರಿತ್ ಮದುವೆಯ ಶಾಸ್ತ್ರಕ್ಕೆಂದು ಬಳಿದಿದ್ದ ಬಿಳಿ ಜೇಡಿಮಣ್ಣು ಮಾಯೆನ್‌ಳ ತೋಳುಗಳ ಮೇಲೆ ಇರಲಿಲ್ಲ. ಒರೆಸಿದ ಗುರುತೂ ಇಲ್ಲ. ಹುಡುಗಿ ಬಾಯಿ ತೆರೆದಾಗ ನಾಲಿಗೆ ಬೆಳ್ಳಗಿತ್ತು.

“ಹಸಿವು, ಅತ್ತೆ,” ಎಂದಳು.

ಮದುವೆಗೆ ಮುಂಚೆ ಹೆಣ್ಣುಮಕ್ಕಳನ್ನು ಕೋಣೆಯಲ್ಲಿ ಕೂಡಿಸಿ, ಉಣ್ಣಿಸಿ ಮೈ ತುಂಬಿಸುವುದರಲ್ಲಿ ಕ್ಯಾಲಬಾರ್ ಪಟ್ಟಣದ ಆ ಕೇರಿಗೆಲ್ಲ ಆರಿತ್‌ಳದು ಎತ್ತಿದ ಕೈ. ಅವಳು ಕಂಡ ಹುಡುಗಿಯರೆಲ್ಲ ಅತ್ತವರೇ, ಗೆಣಸಿನ ಮುದ್ದೆಯನ್ನು ಚಾಪೆಯಡಿ ಬಚ್ಚಿಟ್ಟವರೇ. ಅಣ್ಣನ ಮಗಳು ಮಾಯೆನ್ ಮಾತ್ರ ಬಟ್ಟಲು ನೆಕ್ಕಿ ಕೊಟ್ಟಳು. ಆರಿತ್ ಅದನ್ನು ಹೇಳಿಕೊಂಡು ಮೆರೆದದ್ದೇ ಮೆರೆದದ್ದು. ಪ್ರಾಯ ಬಂದರೂ ಹುಡುಗಿ ಮೈನೆರೆದಿರಲಿಲ್ಲ, ನಿಜ. ಆದರೇನು, ಮೈ ತುಂಬಿದರೆ ಮುಟ್ಟು ತಾನಾಗಿ ಬರುತ್ತದೆ. ಒಣಕಲು ಹುಡುಗಿಯರಲ್ಲಿ ಅದು ಸುಳ್ಳಾದದ್ದೇ ಇಲ್ಲ. ಅದಕ್ಕೇ ಇನ್ನಷ್ಟು ಬಡಿಸಿದಳು. ಮೈ ಬಾಗಿಲ ತುಂಬ ಬಂತು, ಮುಟ್ಟು ಬರಲಿಲ್ಲ.

ರಕ್ತಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ನಿನ್ನೆ ಬಿಡಿಸಿ ಹೇಳಿದ್ದಳು. “ಕೊಬ್ಬು ಕೂಡಿದ್ರೆ, ಸಾಕು ಅಂತ ಮಿದುಳಿಗೆ ಸುದ್ದಿ ಹೋಗ್ಬೇಕಮ್ಮ. ಇವಳಲ್ಲಿ ಹೋಗ್ತಿಲ್ಲ. ಮಿದುಳು ಇನ್ನೂ ಬರಗಾಲ ಅಂತ್ಲೇ ತಿಳ್ಕೊಂಡಿದೆ. ಹಸಿವೆಬ್ಬಿಸೋ ರಸ ಉಕ್ತಾನೇ ಇದೆ, ಮೈನೆರೆಸೋ ರಸಕ್ಕೆ ಅಪ್ಪಣೆಯೇ ಸಿಕ್ಕಿಲ್ಲ.” ಔಷಧ ಪರದೇಶದಿಂದ ಬರಬೇಕಂತೆ. ಬಂದರೆ ಬಂತು.

ಆಗಿನಿಂದ ಕೋಣೆಗೆ ಕಾಲಿಡಲು ಆರಿತ್ ಹಿಂಜರಿಯುತ್ತಿದ್ದಳು. ಇಷ್ಟು ದಿನ ತಾನು ಉಣ್ಣಿಸಿದ್ದು ಈ ಮಗುವಿನೊಳಗೆ ಕೂತ ಬರಗಾಲಕ್ಕೆ ಎನಿಸುತ್ತಿತ್ತು. ಮಾಯೆನ್ ಮಾತ್ರ ಅವಳ ಕೈಯನ್ನೇ ನೋಡುತ್ತ ಕೂತಿರುತ್ತಿದ್ದಳು.

ಮಧ್ಯಾಹ್ನ ಬೀಗತಿ ಇನ್ಯಾಂಗ್ ಸೊಸೆಯಾಗುವವಳನ್ನು ನೋಡಲು ಬಂದಳು. ಆರಿತ್ ಅವಸರದಲ್ಲಿ ಮತ್ತೆ ಬಳಿದಿದ್ದ ಜೇಡಿ ಇನ್ನೂ ಹಸಿಯಾಗಿತ್ತು. ಇನ್ಯಾಂಗ್ ತೋಳು ಚಿವುಟಿ, ಸೊಂಟ ತಟ್ಟಿ ಹಿಗ್ಗಿದಳು. “ಹೆಣ್ಣು ಅಂದ್ರೆ ಇದು ಕಣೇ. ಮೊಮ್ಮಕ್ಕಳಿಗೆ ಜಾಗ ಸಾಲದು ನಮ್ಮನೇಲಿ.”

ಸುಮ್ಮನಿದ್ದರೆ ಮದುವೆ ಆಗಿಬಿಡುತ್ತಿತ್ತು. ಆಮೇಲೆ ಬಂಜೆ ಎಂದು ಹುಡುಗಿಯನ್ನು ಇದೇ ಓಣಿಯಲ್ಲಿ ಎಲ್ಲರೆದುರು ತಿರುಗಿ ತಂದುಬಿಡುತ್ತಿದ್ದರು. ಆರಿತ್ ಇನ್ಯಾಂಗ್‌ಳತ್ತ ತಿರುಗಿದಳು.

“ಇವ್ಳು ಇನ್ನೂ ಮೈನೆರೆದಿಲ್ಲ, ತಾಯಿ. ನೆರೀತಾಳೆ ಅಂತ ಹೇಳೋಕೂ ನನ್ನಿಂದಾಗಲ್ಲ.”

“ತಮಾಷೆ ಸಾಕು,” ಎಂದಳು ಇನ್ಯಾಂಗ್. “ಇಂಥಾ ಮೈಗೆ ಏನು ಕಮ್ಮಿಯಾಗಿದೆ?” ನಗುತ್ತಲೇ ಹುಡುಗಿಯ ಕೆನ್ನೆ ಸವರಿದಳು.

ಮಾಯೆನ್ ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಜೇಡಿ ಮೆತ್ತಿದ ಬೆರಳುಗಳನ್ನು ಒಂದೊಂದಾಗಿ ಬಾಯಿಗಿಟ್ಟು ಚೀಪತೊಡಗಿದಳು. ಇನ್ಯಾಂಗ್‌ಳ ನಗು ಮುಖದ ಮೇಲೆಯೇ ನಿಂತುಬಿಟ್ಟಿತು. ಕೈ ಎಳೆದುಕೊಳ್ಳುವುದಕ್ಕೂ ಅವಳಿಗೆ ಧೈರ್ಯ ಬರಲಿಲ್ಲ.

ಆರಿತ್ ಹುಡುಗಿಯ ಪಕ್ಕ ಕೂತು, ಮೆಲ್ಲಗೆ ಇನ್ಯಾಂಗ್‌ಳ ಕೈ ಬಿಡಿಸಿ, ಮಾಯೆನ್‌ಳ ಕೈಗಳಲ್ಲಿ ತನ್ನ ಕೈ ಇಟ್ಟಳು.