ನೆಟ್ಟ ನೋಟದ ಫೋಟೋ

ಸ್ಟುಡಿಯೋದವನು ಫೋಟೋವನ್ನು ಶವದ ತಲೆಯ ಬಳಿಯ ಕುರ್ಚಿಗೆ ಒರಗಿಸಿ, ಗಾಜಿನ ಮೇಲಿನ ಬೆರಳ ಗುರುತನ್ನು ಅಂಗಿಯ ತೋಳಿನಿಂದ ಒರೆಸುತ್ತಿದ್ದಾಗ ಸತ್ತವಳ ಅಕ್ಕ ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ನೋಡಿ, ನಮ್ಮ ಪಾಪು ಹೇಗೆ ನೋಡ್ತಿದಾಳೆ! ನನ್ನನ್ನೇ ನೋಡ್ತಿದಾಳೆ."

ಪಾಪುವಿಗೆ ಐವತ್ತು ದಾಟಿತ್ತು. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆಯೆಂದು ಮೈಕಿನಲ್ಲಿ ಕೂಗುವುದು ಅವಳ ಕೆಲಸ. ಡಿಪೋದವರಿಗೆಲ್ಲ ಅವಳು ಮೈಕಕ್ಕ. ನಿನ್ನೆ ಅದೇ ಗೂಡಿನಲ್ಲಿ, ಅರ್ಧ ಮಾತಿನಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದಳು. ಆದರೆ ಈ ಮನೆಯಲ್ಲಿ ಅವಳು ಹುಟ್ಟಿದಾಗಿನಿಂದ ಪಾಪುವೇ. ಸತ್ತ ಮೇಲಂತೂ ದೊಡ್ಡವಳಾಗುವ ಪ್ರಶ್ನೆಯೇ ಇಲ್ಲ.

"ಏನೂ ತಿಳೀದ ಜೀವ," ಎಂದ ಭಾವ, ಬಂದವರಿಗೆಲ್ಲ ಕೇಳುವಂತೆ. "ಒಬ್ಬರಿಗೂ ಎದುರು ಮಾತಾಡಿದೋಳಲ್ಲ."

ಬಾಗಿಲಲ್ಲಿ ನಿಂತಿದ್ದ ಕಂಡಕ್ಟರಮ್ಮನಿಗೆ ತಡೆಯಲಾಗಲಿಲ್ಲ. ಅವಳು ಮೈಕಕ್ಕನ ಹಳೆಯ ಗೆಳತಿ. "ಯಾರ ವಿಷಯ ಹೇಳ್ತಿದೀರಿ ಸಾರ್? ನಮ್ಮ ಮೈಕಕ್ಕ ಎದುರು ಮಾತಾಡದೆ ಬಿಟ್ಟಿದ್ದು ಬಸ್ಸುಗಳಿಗೆ ಮಾತ್ರ."

ಡಿಪೋದವರು ಯಾರೋ ಕಿಸಕ್ಕನೆ ನಕ್ಕರು. ಭಾವ ಮುಖ ಗಂಟಿಕ್ಕಿದ. "ಸಾವಿನ ಮನೆ ಇದು, ಹಲ್ಲು ಕಿರಿಯೋ ಜಾಗ ಅಲ್ಲ. ಮತ್ತೆ ಅವನ್ಯಾರು, ಹೆಣಕ್ಕೆ ಬೆನ್ನು ಹಾಕಿ ಗೋಡೆ ನೋಡ್ತಾ ನಿಂತಿರೋನು? ಮರ್ಯಾದೆ ಬೇಡ್ವಾ?"

"ಟೈರ್ ಸೆಕ್ಷನ್ನಿನವನು," ಎಂದಳು ಕಂಡಕ್ಟರಮ್ಮ. "ಅವನಿಗೂ ಆಟಿಸಂ ಇದೆ, ಇವಳ ಹಾಗೇ. ಇಷ್ಟು ಜನರ ಮಧ್ಯೆ ಬಂದು ನಿಂತಿದಾನಲ್ಲ, ಅದೇ ಮರ್ಯಾದೆ."

"ನೀವೇ ಅಲ್ವಾ ಅವಳ ತಲೆ ಕೆಡಿಸಿದ್ದು?" ಅಕ್ಕ ಕಣ್ಣೊರೆಸಿಕೊಂಡು ಎದ್ದಳು. "ಭಾನುವಾರ ಭಾನುವಾರ ಗುಂಪು ಕಟ್ಕೊಂಡು! ತನ್ನ ಪಾಡಿಗೆ ಇದ್ದೋಳಿಗೆ ಜಗಳ ಕಲಿಸಿದ್ರಿ."

"ನಾವಲ್ಲಮ್ಮ. ಗುಂಪು ಕಟ್ಟಿದ್ದು ಅವಳೇ."

*

ಕೆಲವು ವರ್ಷಗಳ ಹಿಂದೆ ಡಿಪೋಗೆ ಹೊಸದಾಗಿ ಬಂದ ಮೇಲಧಿಕಾರಿಗೆ, ಮೈಕಕ್ಕ ಕಿಟಕಿಯಾಚೆ ನೋಡುತ್ತ ಉತ್ತರ ಕೊಡುವುದು ಕಂಡು ಮೈ ಉರಿದಿತ್ತು. "ಮುಖ ನೋಡಿ ಮಾತಾಡು. ಏನಿದು ಉದ್ಧಟತನ?" ಎಂದು ಎಲ್ಲರೆದುರು ಗದರಿದ.

"ಸಾರ್, ನಿಮ್ಮ ಕಣ್ಣು ನೋಡಿದ್ರೆ ನಿಮ್ಮ ಮಾತು ತಲೆಗೆ ಹೋಗಲ್ಲ. ನೋಡ್ಲಾ, ಕೇಳ್ಲಾ? ಯಾವುದಾದ್ರೂ ಒಂದು ಹೇಳಿ, ಮಾಡ್ತೀನಿ. ಇದು ಆಟಿಸಂ. ಉದ್ಧಟತನಾನೇ ಬೇಕು ಅಂದ್ರೆ ಅದೂ ಇದೆ ನನ್ನ ಹತ್ರ, ಬೇರೆ ತೋರಿಸ್ತೀನಿ."

ಅವಳನ್ನು ಗೋಡೌನಿಗೆ ಹಾಕಿದರು. ದಿನಾ ಊಟದ ಬಿಡುವಿನಲ್ಲಿ ಅವಳು ಅಧಿಕಾರಿಯ ಬಾಗಿಲಿಗೆ ಹೋಗಿ, ಅವನತ್ತ ನೋಡದೆ, ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿ ಬರುತ್ತಿದ್ದಳು. ಕೊನೆಗೆ ಸಾಕು ಸಾಕಾಗಿ ಸೋತವನು ಅವನೇ. ಅವಳು ಗೂಡಿಗೆ ಮರಳಿದ ದಿನ ಟೈರ್ ಸೆಕ್ಷನ್ನಿನವನು ಬಂದು ಗಾಜಿನಾಚೆ ನಿಂತು, "ನನಗೂ ಹಾಗೇ," ಎಂದ. ಆಟಿಸಂ ಇರುವವರ ಭಾನುವಾರದ ಗುಂಪು ಶುರುವಾದದ್ದು ಹಾಗೆ.

*

ಕಂಡಕ್ಟರಮ್ಮ ಹತ್ತಿರ ಬಂದು, ಬಗ್ಗಿ ಫೋಟೋ ನೋಡಿದಳು. ಆಮೇಲೆ ಸ್ಟುಡಿಯೋದವನತ್ತ ತಿರುಗಿದಳು.

"ಇದು ಯಾರ ಕಣ್ಣು?"

"ಎಲ್ಲ ಫೋಟೋದಲ್ಲೂ ಅವರು ಆ ಕಡೆ ಈ ಕಡೆ ನೋಡ್ತಿದ್ರು. ನೇರ ನೋಡೋ ಹಾಗೆ ಮಾಡಿಕೊಡು ಅಂದ್ರು ಈ ಸಾರು. ಕಂಪ್ಯೂಟರಲ್ಲಿ ಸರಿ ಮಾಡಿದೆ."

"ಯಾರ ಕಣ್ಣು ಅಂತ ಕೇಳಿದ್ದು."

ಅವನು ಅಕ್ಕನತ್ತ ನೋಡಿದ. "ಅಕ್ಕಾವ್ರದ್ದು. ಒಡಹುಟ್ಟಿದವರಲ್ವಾ, ಅಳತೆ ಸರಿಹೋಯ್ತು."

ಅಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಅವಳಿಗೂ ಇದು ಹೊಸ ಸುದ್ದಿ.

ಕಂಡಕ್ಟರಮ್ಮ ತನ್ನ ಫೋನು ಚಾಚಿದಳು. "ಇದು ಅವಳ ಫೋಟೋ. ಗೂಡಲ್ಲಿ ಕೂತು ಆಚೆ ನೋಡಿ ನಗ್ತಿದಾಳೆ. ಇದನ್ನ ಇಡಿ. ಬದುಕಿರೋವರೆಗೂ ಬೇಡ ಬೇಡ ಅಂದಿದ್ದನ್ನ ಸತ್ತ ಮೇಲೆ ಮಾಡಿಸ್ಬೇಡಿ."

"ನೀನ್ಯಾರೇ ಹೇಳೋಕೆ?" ಅಕ್ಕನ ದನಿ ಒಡೆಯಿತು. "ಅವಳನ್ನ ಸಾಕಿದೋಳು ನಾನು! ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ನನ್ನ ಕಡೆ ನೆಟ್ಟಗೆ ನೋಡ್ಲಿಲ್ಲ. ಈಗಲಾದ್ರೂ ನೋಡ್ಲಿ ಬಿಡಿ!"

*

ಅಮ್ಮ ತೀರಿಕೊಂಡಾಗ ಅಕ್ಕ ಇನ್ನೂ ಶಾಲೆಗೆ ಹೋಗುವ ಹುಡುಗಿ. ಒಂದು ಕೈಯಲ್ಲಿ ಬಿಸ್ಕತ್ತು ಹಿಡಿದು, ಇನ್ನೊಂದರಲ್ಲಿ ತಂಗಿಯ ಗಲ್ಲ ಎತ್ತಿ, "ನನ್ನ ನೋಡು, ಆಮೇಲೆ ತಿನ್ನು," ಎನ್ನುತ್ತಿದ್ದಳು. ತಂಗಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಬಾಯಿ ತೆರೆಯುತ್ತಿದ್ದಳು.

ಎಷ್ಟೋ ವರ್ಷಗಳ ಮೇಲೆ, ಒಂದು ದಿನ ಊಟದ ಮಧ್ಯೆ ತಂಗಿ ತಟ್ಟೆ ನೋಡುತ್ತಲೇ ಹೇಳಿದಳು: "ಅಕ್ಕಾ, ನೀನು ಹಾಗೆ ಗಲ್ಲ ಹಿಡಿದಾಗ ನನಗೆ ನೋವಾಗ್ತಿತ್ತು."

"ನಿನ್ನ ಒಳ್ಳೇದಕ್ಕೇ ಕಣೇ ಮಾಡಿದ್ದು."

"ಗೊತ್ತು. ನೀನಿಲ್ದಿದ್ರೆ ನಾನು ಬದುಕ್ತಿರ್ಲಿಲ್ಲ. ಆದ್ರೂ ನೋವಾಗ್ತಿತ್ತು. ಆವಾಗ ಹೇಳೋಕೆ ಬರ್ತಿರ್ಲಿಲ್ಲ, ಈಗ ಬರುತ್ತೆ."

ಅಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ತಂಗಿಯ ಫೋನು ಬಂದಾಗಲೆಲ್ಲ ಅದನ್ನು ಎತ್ತದೆ ಬಡಿದುಕೊಳ್ಳಲು ಬಿಟ್ಟಳು.

*

ಗಾಡಿ ಬಂತು. "ನಿಮ್ಮ ಗುಂಪಿನೋರು ಯಾರೂ ಹತ್ತೋದು ಬೇಡ," ಎಂದ ಭಾವ.

"ರಸ್ತೆ ಏನು ನಿಮ್ಮಪ್ಪಂದಾ? ಬಸ್ಸಲ್ಲಿ ಹಿಂದೆ ಬರ್ತೀವಿ," ಎಂದಳು ಕಂಡಕ್ಟರಮ್ಮ.

ಅಕ್ಕ ಫೋಟೋವನ್ನು ಯಾರ ಕೈಗೂ ಕೊಡಲಿಲ್ಲ. ಶವದ ಪಕ್ಕ ಕೂತು ತೊಡೆಯ ಮೇಲಿಟ್ಟುಕೊಂಡಳು. ಗಾಡಿ ಹೊರಟಿತು. ಗಾಜಿನೊಳಗಿಂದ ಅವಳವೇ ಕಣ್ಣುಗಳು ಅವಳನ್ನು ನೋಡುತ್ತಿದ್ದವು. ಅವಳು ಕಿಟಕಿಯಾಚೆ ನೋಡಿದಳು. ಮತ್ತೆ ತಿರುಗಿದಾಗಲೂ ಅವು ನೋಡುತ್ತಲೇ ಇದ್ದವು, ಬಿಡದೆ.

"ಏನಾಯ್ತೇ?" ಎಂದ ಭಾವ.

ಅವಳು ಅಂಗೈಯನ್ನು ಅಡ್ಡವಾಗಿಟ್ಟು ಆ ಎರಡು ಕಣ್ಣುಗಳನ್ನು ಮುಚ್ಚಿದಳು. ಕೈಯ ಕೆಳಗೆ ತಂಗಿಯ ಬಾಯಿ ಉಳಿಯಿತು, ಒಂದು ಕೊನೆ ಕೊಂಚ ಮೇಲೆದ್ದು, ಏನೋ ಹೇಳಲು ಹೊರಟ ಹಾಗೆ.