ಹದಿನೇಳನೇ ಫಾರಂ

“ಈ ಹದಿನೇಳು ಅಂದ್ರೆ ಯಾರವ್ವ?” ಎಂದು ಅಪ್ಪ ಚಿಕ್ಕಣ್ಣ ಕೇಳಿದಾಗ ಅನಿತಾ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಬೆಳಿಗ್ಗೆ ಕಾಲೇಜಿನ ಬಸ್ಸಿಗೆ ಓಡುವ ಅವಸರದಲ್ಲಿ ಮರೆತುಹೋಗಿದ್ದ ಫಾರಂಗಳು ಮಂಚದ ತುಂಬ ಹರಡಿದ್ದವು.

ಊರವರಿಗೂ, ತೆಂಗಿನ ನಾರಿನ ಫ್ಯಾಕ್ಟರಿಗೆ ಅಸ್ಸಾಮಿನಿಂದ ಬಂದವರಿಗೂ ಇರುವ ಸಂಬಂಧ ಎಂಥದು ಎಂಬುದು ಅವಳ ಎಂ.ಎ. ಸಮೀಕ್ಷೆ. ಹೆಸರು ಬರೆಯುವಂತಿಲ್ಲ, ನಂಬರ್ ಮಾತ್ರ. ಹದಿನೇಳನೆಯವಳು ಜುನಾಕಿ, ಊರವರ ಬಾಯಲ್ಲಿ ಜಾನಕಿ. ಇವರ ತೋಟದ ಶೆಡ್ಡಿನಲ್ಲೇ ಬಾಡಿಗೆಗಿದ್ದಳು. ‘ಸ್ಥಳೀಯರೊಡನೆ ಮದುವೆಗೆ ಒಪ್ಪುವಿರಾ?’ ಎಂದು ಓದಿದಾಗ ನಾಚಿ, “ನಿಮ್ಮಣ್ಣ ಕೇಳವ್ರೆ. ನಾನು ಹ್ಞೂಂ ಅಂದೆ” ಎಂದಿದ್ದಳು. ಅನಿತಾ ಖುಷಿಯಿಂದ ಅವಳ ಕೈ ಹಿಡಿದುಕೊಂಡಿದ್ದಳು. ಆಮೇಲೆ ಬರೆದಿದ್ದಳು: ‘ಹೌದು. ಶೆಡ್ಡಿನ ಮಾಲೀಕರ ಮಗನೊಂದಿಗೆ ಮಾತಾಗಿದೆ.’

“ನಿಮ್ಮಣ್ಣ ರವೀಂದ್ರನ್ನ ಕಾಯಿ ಲೋಡ್ ಜೊತೆ ದಾವಣಗೆರೆಗೆ ಕಳ್ಸಿವ್ನಿ. ನಾಳೆ ಬರೋದ್ರೊಳಗೆ ಶೆಡ್ ಖಾಲಿ ಆಗ್ಬೇಕು.”

“ಅವ್ಳೇನ್ ತಪ್ಪು ಮಾಡವ್ಳಪ್ಪ?”

“ತಪ್ಪು ಅಂದ್ನಾ? ಒಳ್ಳೆ ಹುಡ್ಗೀನೇ. ನಮ್ಮೋಳಲ್ಲ, ಅಷ್ಟೇಯ.”

ಅನಿತಾ ಅಣ್ಣನಿಗೆ ಫೋನ್ ಮಾಡಿದಳು. ಅದು ಅಪ್ಪನ ಅಂಗಿ ಜೇಬಿನಲ್ಲೇ ರಿಂಗಾಯಿತು.

ಅವಳು ತೋಟಕ್ಕೆ ಓಡಿದಳು. ಶೆಡ್ಡಿನ ಮುಂದೆ ಟೆಂಪೊ ನಿಂತಿತ್ತು. ಜುನಾಕಿ ಪಾತ್ರೆಗಳನ್ನು ಬಕೆಟ್ಟಿಗೆ ತುಂಬುತ್ತಿದ್ದಳು.

“ಹೆಸರು ಬರೆಯಲ್ಲ ಅಂದ್ರಲ್ಲ ಅಕ್ಕ?”

“ಬರೆದಿಲ್ಲ ಕಣೇ.”

ನಿಜವೇ. ಅನಿತಾ ನೆಲದ ಮೇಲಿದ್ದ ತಟ್ಟೆಯೊಂದನ್ನು ಎತ್ತಿ ಬಕೆಟ್ಟಿಗೆ ಹಾಕಿದಳು. “ಎಲ್ಲಿಗೆ ಹೋಗ್ತೀಯ?” ಎಂದಳು.

“ಫ್ಯಾಕ್ಟರಿ ಮೇಸ್ತ್ರಿಗೆ ಗೊತ್ತು.”

“ಅಣ್ಣಂಗೆ ಏನ್ ಹೇಳ್ಲಿ?”

“ಫೋನ್ ಮಾಡಿದ್ದೆ. ನಿಮ್ಮಪ್ಪ ಎತ್ತಿದ್ರು.” ಜುನಾಕಿ ಬಕೆಟ್ಟಿನ ಮೇಲೆ ಬಟ್ಟೆ ಬಿಗಿದಳು. “ಏನೂ ಹೇಳಬೇಡಿ.”

ಟೆಂಪೊ ಮಾಯಸಂದ್ರದ ರಸ್ತೆಗೆ ತಿರುಗಿತು. ಅದರ ಸದ್ದು ಅಡಗುವ ಮೊದಲೇ ಅವ್ವ ಚಿಕ್ಕಗೌರಮ್ಮ ಪೊರಕೆ ಹಿಡಿದು ಬಂದು, ಶೆಡ್ಡಿನ ನೆಲಕ್ಕೆ ನೀರು ಹುಯ್ಯತೊಡಗಿದಳು.

“ವಸಿ ಪಕ್ಕಕ್ಕೆ ನಿಂತ್ಕೊ ಮಗ, ಕಾಲು ನೆನೀತವೆ.”

ಅನಿತಾ ಕದಲಲಿಲ್ಲ. ಬಿಂದಿಗೆಯ ಮೇಲೆ ಬಿಂದಿಗೆ ನೀರು ಹೊಸ್ತಿಲು ದಾಟಿ, ಅವಳ ಚಪ್ಪಲಿಯನ್ನು ತೋಯಿಸಿ, ತೆಂಗಿನ ಪಾತಿಗೆ ಇಳಿದು ಇಂಗಿತು.