ಬುಧವಾರ, ಒಂಬತ್ತರ ಆಟ

ಬಡವರ ಕಣ್ಣೀರು ಗಡಿ ದಾಟುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಪ್ಯಾರಿಸ್ಸಿನಲ್ಲಿ, ಬುಧವಾರ ಬೆಳಿಗ್ಗೆ ಒಂಬತ್ತರ ಆಟಕ್ಕೆ. ಹಾಗೆಂದು ನಮಗೆ ಹೇಳಿದವನು ಕೋರ್ಬೆಲ್, ನಮ್ಮ ಸಿನಿಮಾವನ್ನು ಹೊರದೇಶಗಳಿಗೆ ಮಾರುವ ಹೊಣೆ ಹೊತ್ತವನು.

"ಬೆಲ್ಜಿಯಂನಲ್ಲಿ ನಿಮ್ಮೋರು ನೋಡ್ತಾರೆ, ಅಳ್ತಾರೆ, ಅದು ಬಿಡಿ. ಹೊಡೆದಾಟ ಇಲ್ಲ, ಹೆಸರಾದ ಮುಖ ಇಲ್ಲ, ಬರೀ ಒಬ್ಬಳು ಹೆಂಗಸು ಬಟ್ಟೆ ಒಗೀತಾಳೆ. ಇಂಥದ್ದನ್ನ ಹೊರಗಿನೋರು ಸುಮ್ನೆ ತಗೊಳಲ್ಲ ಜೋಸೆಟ್ಟಮ್ಮಾ. ಮೊದಲ ಆಟಕ್ಕೆ ಎಷ್ಟು ತಲೆ ಅಂತ ಕೇಳ್ತಾರೆ. ಮ್ಯೂನಿಕ್‌ನಲ್ಲಿ ಸಿನಿಮಾ ಕೊಳ್ಳೋ ಹೆಂಗಸು ಖಡಾಖಂಡಿತ ಹೇಳಿದಾಳೆ: ಐವತ್ತು ತಲೆ ಕಂಡ್ರೆ ಇಡೀ ಜರ್ಮನಿಗೆ ತಗೋತೀನಿ, ಇಲ್ದಿದ್ರೆ ಇಲ್ಲ."

ಇಡೀ ಜರ್ಮನಿ ಎಂದರೆ ಬ್ರೆಮೆನ್ ಕೂಡ. ನನ್ನ ತಂಗಿ ಲಿಲಿಯಾನ್‌ಗೆ ಬೇಕಿದ್ದುದು ಅದೊಂದೇ ಊರು. ನಮ್ಮೂರಲ್ಲಿ, ಮ್ಯೂಸ್ ನದಿಯ ದಂಡೆಯಲ್ಲಿ ನಲವತ್ತು ವರ್ಷ ಕಲ್ನಾರು ಶೀಟು ಮಾಡಿಸಿ, ಮೂವತ್ತನೆಯ ವರ್ಷದಿಂದ ನಮ್ಮನ್ನು ಮಣ್ಣು ಮಾಡತೊಡಗಿದ ಕಾರ್ಖಾನೆಯ ಒಡೆಯರು ಇರುವುದು ಅಲ್ಲಿ. ಲಿಲಿಯಾನ್ ಕಾರ್ಖಾನೆಯೊಳಗೆ ಒಂದು ದಿನವೂ ಕಾಲಿಟ್ಟವಳಲ್ಲ. ಗಂಡ ಗಾಸ್ತೋನ್ ಅಲ್ಲಿಂದ ತೊಟ್ಟು ತಂದ, ಕಲ್ನಾರಿನ ಹುಡಿ ಮೆತ್ತಿದ ಮೇಲಂಗಿಯನ್ನು ಪ್ರತಿ ಸೋಮವಾರ ಹಿತ್ತಲಲ್ಲಿ ಒದರಿ, ಒಗೆದು, ಒಣಗಿಸಿದಳು. ಸಿನಿಮಾ ಹೇಳುವುದು ಇವಳದೇ ಕಥೆ. ಗಾಸ್ತೋನ್ ಸತ್ತ. ಈಗ ಇವಳ ಮೂಗಿಗೆ ನಳಿಗೆ, ಬಗಲಿಗೆ ಗಾಲಿಯ ಮೇಲೊಂದು ಆಮ್ಲಜನಕದ ಸಿಲಿಂಡರು. ಬ್ರೆಮೆನ್‌ಗೆ ಅವಳು ಬರೆದ ಹನ್ನೊಂದು ಪತ್ರಕ್ಕೆ ಉತ್ತರವಿಲ್ಲ. "ಓದದಿದ್ರೆ ಹೋಗ್ಲಿ," ಅಂದಿದ್ದಳು. "ಅವರ ಬೀದಿ ಟಾಕೀಸಿನ ಗೋಡೆ ಮೇಲೆ ನನ್ನ ಬಟ್ಟೆಹಗ್ಗದ ಚಿತ್ರ ಅಂಟಿಸ್ಲಿ. ಬೆಳಿಗ್ಗೆ ನಾಯಿ ತಿರುಗಿಸೋಕೆ ಬಂದಾಗ ನೋಡ್ಲಿ. ಅದನ್ನ ಕಂಡು ಸಾಯ್ತೀನಿ."

ಅವಳು ಬೇಸಿಗೆ ಕಾಣುತ್ತಾಳೆಂಬ ಮಾತನ್ನು ವೈದ್ಯರು ಆಡುತ್ತಿರಲಿಲ್ಲ.

ಹಾಗಾಗಿ ಐವತ್ತು ತಲೆ ಹೊಂದಿಸುವ ಉಪಾಯ ನಮ್ಮದೇ. ಕೋರ್ಬೆಲ್‌ಗೆ ಹೇಳಲಿಲ್ಲ. ಕಾರ್ಖಾನೆಯ ಹಳೆಯ ಹೆಂಗಸರು, ಲಿಲಿಯಾನ್ ಮತ್ತು ನಾನು ಸೇರಿ ನಲವತ್ತೊಂದು ಮಂದಿ, ಯೂನಿಯನ್ನಿನ ಮುಖಂಡೆಯಾಗಿದ್ದ ನಾನೇ ಕೂಡಿಸಿದ್ದು, ಬಸ್ಸು ಮಾಡಿಕೊಂಡು ಬ್ರೆಡ್ಡು, ಗಿಣ್ಣು, ಫ್ಲಾಸ್ಕುಗಳ ಸಮೇತ ಎಂಟೂಕಾಲಿಗೆ ಪ್ಯಾರಿಸ್ಸಿನ ನಡುಮಧ್ಯೆ ಇಳಿದೆವು. ಉಳಿದ ಒಂಬತ್ತು ತಲೆ ಪ್ಯಾರಿಸ್ಸಿನವು ಎಂಬ ಲೆಕ್ಕ. ಟಾಕೀಸು ನೆಲದಡಿ. ಇಳಿಯಲು ಓಡುವ ಮೆಟ್ಟಿಲು. ಮೆಟ್ಟಿಲ ಬಾಯಲ್ಲಿ ಕೆಂಪು ಅಂಗಿಯ ಎಂಟು ಜನ ಕರಪತ್ರ ಹಿಡಿದು ನಿಂತಿದ್ದರು.

ಮುಷ್ಕರ. ಟಾಕೀಸಿನ ನೌಕರರದು. ಟಿಕೆಟ್ ಕೊಡುವ ಆಳುಗಳನ್ನು ತೆಗೆದು ಯಂತ್ರ ಇಟ್ಟಿದ್ದಾರೆ, ಒಂಬತ್ತು ಪರದೆಗೆ ಒಬ್ಬನೇ ಆಳು ಓಡಬೇಕು ಎಂದು ಕರಪತ್ರ ಹೇಳುತ್ತಿತ್ತು. ಒಳಗೆ ಮ್ಯಾನೇಜರುಗಳೇ ಸಿನಿಮಾ ಓಡಿಸುತ್ತಿದ್ದರು. ಆಟ ನಿಂತಿರಲಿಲ್ಲ. ಯಾರೂ ಯಾರನ್ನೂ ತಡೆಯುತ್ತಿರಲಿಲ್ಲ.

ನಲವತ್ತೊಂದು ಹೆಂಗಸರು ನಿಂತಲ್ಲೇ ನಿಂತರು. ನಾನು ಏನೂ ಹೇಳಬೇಕಾಗಲಿಲ್ಲ.

ಕಂಬದ ಮರೆಯಲ್ಲಿ ತಲೆ ಎಣಿಸುತ್ತಿದ್ದ ಕೋರ್ಬೆಲ್ ನಮ್ಮನ್ನು ಕಂಡು ಓಡಿಬಂದ. ಮೊದಲು ಬಿಳಿಚಿಕೊಂಡ, ಆಮೇಲೆ ಮುಖ ಅರಳಿತು. "ದೇವರೇ ಕಳಿಸಿದಂಗೆ ಬಂದ್ರಲ್ಲಾ! ಇನ್ನೂ ಐದು ಜನ ಕೂಡ ಇಳಿದಿಲ್ಲ. ನಡೀರಿ, ನಡೀರಿ."

"ಮುಷ್ಕರ ನಿಂತೋರ ಗೆರೆ ದಾಟಿ ಒಳಗೆ ಹೋಗಲ್ಲ ಸ್ವಾಮಿ," ಅಂದೆ.

"ಎಲ್ಲಿದೆ ಗೆರೆ? ಅವರು ಕಾಗದ ಹಂಚ್ತಾ ಇದಾರೆ, ಅಷ್ಟೆ!"

ಹಿಂದಿನಿಂದ ದಪ್ಪ ಯ್ವೆಟ್ ಕೂಗಿದಳು: "ನಮ್ಮೂರಲ್ಲಿ ಗೆರೆ ನೆಲದ ಮೇಲಿರಲ್ಲಪ್ಪಾ, ಹೊಟ್ಟೇಲಿರುತ್ತೆ. ನಂದು ನೋಡು, ಎಷ್ಟು ಅಗಲ!"

ನಕ್ಕರು. ನಗು ಅಲ್ಲಿಗೇ ನಿಂತುಹೋಯಿತು, ಏಕೆಂದರೆ ಎಲ್ಲರ ಕಣ್ಣೂ ಗಡಿಯಾರದ ಕಡೆ ಇತ್ತು. ಎಂಟೂವರೆ.

ಕೆಂಪು ಅಂಗಿಯವರಲ್ಲಿ ಒಬ್ಬಳು, ಅಸ್ಸಾ ಎಂಬ ಚಿಕ್ಕ ಪ್ರಾಯದವಳು, ನಮ್ಮ ಮಾತು ಕೇಳಿಸಿಕೊಂಡು ಹತ್ತಿರ ಬಂದಳು. "ಅಯ್ಯೋ, ಆ ಬಟ್ಟೆ ಸಿನಿಮಾದೋರಾ ನೀವು? ಪತ್ರಿಕೆಯೋರಿಗೆ ತೋರಿಸಿದ ದಿನ ನಾನೇ ಬಾಗಿಲಲ್ಲಿದ್ದೆ. ಹೋಗೀಮ್ಮಾ, ನಿಮ್ಮನ್ನ ನಾವು ಏನೂ ಅನ್ನಲ್ಲ."

"ಯಾಕೆ ಅನ್ನಲ್ಲ?" ಅವಳ ಹಿಂದಿದ್ದ ನರೆತ ಗಡ್ಡದವನು ಸಿಡುಕಿದ. "ಇವತ್ತು ಇವರು, ನಾಳೆ ಇನ್ನೊಬ್ರು. ಒಳ್ಳೇ ಕಾರಣ ಇಲ್ದೆ ಗೆರೆ ದಾಟಿದೋರು ಲೋಕದಲ್ಲಿ ಯಾರಾದ್ರೂ ಇದಾರಾ ಹೇಳು?"

ಆ ಮಾತು ನನ್ನದೇ. ತೊಂಬತ್ತೊಂದರ ಮುಷ್ಕರದಲ್ಲಿ ಕಾರ್ಖಾನೆಯ ಗೇಟಿನಲ್ಲಿ ನಿಂತು ಇದನ್ನೇ ಕೂಗಿದ್ದೆ. ದಾಟಿ ಒಳಹೋದವರಿಗೆ ಬೈಯಬೇಡಿ, ಬೆನ್ನು ತಿರುಗಿಸಿ ಎಂದು ಕಲಿಸಿದವಳೂ ನಾನೇ. ಹಾಗೆ ಬೆನ್ನು ಕಂಡ ಮನೆಗಳಿಗೆ ನಮ್ಮೂರಲ್ಲಿ ಇವತ್ತಿಗೂ ಯಾರೂ ಕಾಫಿಗೆ ಹೋಗುವುದಿಲ್ಲ.

"ವಾಪಸ್ ಹೋಗೋಣ," ಅಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಲಿಲ್ಲ.

"ಅಕ್ಕಾ." ಲಿಲಿಯಾನ್ ಸಿಲಿಂಡರಿನ ಹಿಡಿಕೆಯನ್ನು ಕೈ ಬದಲಿಸಿದಳು. "ನಾನು ಇಳೀತೀನಿ."

"ಹುಚ್ಚಾ ನಿಂಗೆ? ಒಬ್ಬಳು ಇಳಿದ್ರೆ ಐವತ್ತಾಗುತ್ತಾ?"

"ಆಗಲ್ಲ."

"ಮತ್ತೆ?"

ಅವಳು ಉಸಿರು ಕೂಡಿಸಿಕೊಳ್ಳುವವರೆಗೆ ಎಲ್ಲರೂ ಕಾಯಬೇಕಾಯಿತು. "ಕಂಪನಿಯೋರು ಏನಂದ್ರು? ಈಕೆ ನಮ್ಮ ಕೆಲಸದೋಳಲ್ಲ ಅಂದ್ರು. ಪರಿಹಾರದ ಕಾಗದ ಮಾಡಿದಾಗ ನಿಮ್ಮ ಯೂನಿಯನ್ ಏನಂತು? ಕೆಲಸ ಮಾಡಿದೋರು ಮಾತ್ರ, ಬಟ್ಟೆ ಒಗೆದೋರು ಇಲ್ಲ ಅಂತು. ಸಹಿ ಯಾರದು ಅಂತ ನಾನು ಕೇಳಿದ್ನಾ ಅಕ್ಕಾ? ಇಪ್ಪತ್ತು ವರ್ಷದಲ್ಲಿ ಒಂದು ಸಲ ಕೇಳಿದ್ನಾ? ನನ್ನನ್ನ ಯಾರ ಪಟ್ಟೀಲೂ ಸೇರಿಸಲಿಲ್ಲ ನೀವು. ಅಲ್ಲಿ ಕೆಳಗಾದ್ರೂ ಒಂದು ತಲೆ ಅಂತ ಎಣಿಸ್ತಾರೆ. ಅದಕ್ಕೆ ಹೋಗ್ತೀನಿ."

ಹೆಂಗಸರು ನನ್ನ ಮುಖ ನೋಡಿದರು. ಕಾಗದದ ಕೆಳಗೆ ಮೊದಲ ಸಹಿ ಯಾರದೆಂದು ಅವರೆಲ್ಲರಿಗೂ ಗೊತ್ತು.

ಲಿಲಿಯಾನ್ ಗಡ್ಡದವನ ಕೈಯಿಂದ ಕರಪತ್ರ ಇಸಿದುಕೊಂಡು ನಾಲ್ಕಾಗಿ ಮಡಚಿ ಕೋಟಿನ ಜೇಬಿಗಿಟ್ಟಳು. ಮೆಟ್ಟಿಲ ಕಡೆ ನಡೆದಳು. ಮೊದಲು ಯ್ವೆಟ್ ತಿರುಗಿದಳು. ಆಮೇಲೆ ಅವಳ ಪಕ್ಕದವಳು. ಒಬ್ಬೊಬ್ಬರೇ ಬೆನ್ನು ತಿರುಗಿಸಿದರು, ಸಿಟ್ಟಿನಿಂದಲ್ಲ, ಅಳುತ್ತಲೇ. ಕೊನೆಗೆ ನಾನೂ ತಿರುಗಿದೆ. ಎದುರಿಗಿದ್ದ ಗಾಜಿನಲ್ಲಿ ಅವಳು ಕಾಣುತ್ತಾಳೆಂದು ಗೊತ್ತಾಗಿ ಕಣ್ಣು ಮುಚ್ಚಿದೆ. ಗಾಲಿಗಳ ಸದ್ದು, ಕೆಮ್ಮು. ಕೆಮ್ಮು ಕೆಳಗಿಳಿಯುತ್ತಾ ಸಣ್ಣದಾಯಿತು.

ಎರಡು ಗಂಟೆ ಕಾಲ ನಿಂತೆವು. ನಮ್ಮ ಫ್ಲಾಸ್ಕುಗಳು ಮುಷ್ಕರದವರ ಕೈಯಿಂದ ಕೈಗೆ ಹೋದವು. ಗಡ್ಡದವನು ಮಾತ್ರ ಕುಡಿಯಲಿಲ್ಲ. ನನ್ನ ಹತ್ತಿರ ಬಂದು, "ಅವರಿಗೆ ಕೆಳಗೆ ಏನಾದ್ರೂ ಆದ್ರೆ ನೋಡೋಕೆ ಆಳಿಲ್ಲಮ್ಮಾ. ಅದಕ್ಕೇ ನಾವು ನಿಂತಿರೋದು," ಅಂದ. ಆಮೇಲೆ ನಾನು ಗಡಿಯಾರವನ್ನು ನೋಡುವುದನ್ನೂ ನಿಲ್ಲಿಸಲಾಗಲಿಲ್ಲ, ಮೆಟ್ಟಿಲನ್ನು ನೋಡುವುದನ್ನೂ ನಿಲ್ಲಿಸಲಾಗಲಿಲ್ಲ. ಇಳಿದವರೆಲ್ಲ ಬೇರೆ ಪರದೆಗಳಿಗೆ ಹೋಗುವವರಂತೆಯೇ ಕಂಡರು.

ಕೋರ್ಬೆಲ್ ಫೋನು ಕಿವಿಗಿಟ್ಟುಕೊಂಡು ಬಂದ. "ಹದಿನಾಲ್ಕು," ಅಂದ. "ನಿಮ್ಮ ತಂಗಿ ಸೇರಿ."

"ಮ್ಯೂನಿಕ್‌ನೋಳು?"

"ಪಾಪ ಒಳ್ಳೇ ಮಾತಲ್ಲೇ ಹೇಳಿದ್ಲು. ತುಂಬಾ ಮನ ತಟ್ಟುತ್ತೆ ಅಂತೆ. ಆದ್ರೆ ಬೇಡ ಅಂತೆ. ಸೋಮವಾರಕ್ಕೆ ಇಲ್ಲೂ ಕಿತ್ತುಹಾಕ್ತಾರೆ." ಅವನ ಕಣ್ಣು ಕೆಂಪಾಗಿತ್ತು. ನಮ್ಮ ನಲವತ್ತು ತಲೆಗಳ ಮೇಲೆ ಒಮ್ಮೆ ಕಣ್ಣಾಡಿಸಿದ. ಐವತ್ತನಾಲ್ಕು ಆಗುತ್ತಿತ್ತು ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೆ ನಾನು ಹೊಡೆಯುತ್ತಿದ್ದೆನೇನೋ.

ಲಿಲಿಯಾನ್ ಮೇಲೆ ಬಂದಳು. ಯಾರೂ ಕೈಕೊಡಲಿಲ್ಲ. ಸಿಲಿಂಡರನ್ನು ತಾನೇ ಎಳೆದುಕೊಂಡು ಬಸ್ಸು ಹತ್ತಿದಳು, ಐದನೆಯ ಸಾಲಿನ ಕಿಟಕಿಗೆ ಕೂತಳು. ಪಕ್ಕದ ಸೀಟು, ಮುಂದಿನದು, ಹಿಂದಿನದು ಖಾಲಿ ಉಳಿದವು. ಹೆಂಗಸರು ಹಿಂದೆ ಒತ್ತೊತ್ತಾಗಿ ಕೂತರು, ಇಬ್ಬರು ನಿಂತೇ ಬಂದರು. ಬಸ್ಸು ಪ್ಯಾರಿಸ್ ದಾಟುವವರೆಗೆ ನಾನೂ ನಿಂತಿದ್ದೆ. ಆಮೇಲೆ ಹೋಗಿ ಅವಳ ಪಕ್ಕ ಕೂತೆ.

"ನಿನ್ನೋರು ನೋಡ್ತಾರೆ, ಎದ್ದು ಹೋಗು."

"ನೋಡ್ಲಿ."

ಅವಳು ಮೂಗಿನ ನಳಿಗೆ ಸರಿಪಡಿಸಿಕೊಂಡು ಹೇಳಿದಳು. "ನನ್ನ ಮುಂದಿನ ಸಾಲಲ್ಲಿ ಒಬ್ಬಳು ಕೂತಿದ್ಲು ಅಕ್ಕಾ. ಯಾರೋ ಏನೋ. ಪರದೆ ಮೇಲೆ ಅವಳು ಅಂಗಿ ಒದರ್ತಾಳಲ್ಲ, ಆವಾಗ ಈಕೆ ಮೂಗು ಬಾಯಿ ಮುಚ್ಕೊಂಡ್ಲು. ಸಿನಿಮಾದ ಹುಡಿಗೆ!" ನಗಲು ಹೋಗಿ ಕೆಮ್ಮಿದಳು. "ನನಗೆ ಯಾರೂ ಹೇಳಿರಲಿಲ್ಲ, ಮುಚ್ಕೋ ಅಂತ."

ಯಾರೂ ಹೇಳಿರಲಿಲ್ಲ. ಕಾರ್ಖಾನೆಯೊಳಗೆ ಹುಡಿ ತಡೆಯುವ ಮುಖಗವಸು ಬೇಕೆಂದು ಒಂಬತ್ತು ವಾರ ಮುಷ್ಕರ ಮಾಡಿದ ನಾನು, ಭಾನುವಾರಗಳಂದು ಅವಳ ಹಿತ್ತಲಲ್ಲೇ ಕೂತು ಕಾಫಿ ಕುಡಿದ ನಾನು, ಹೇಳಿರಲಿಲ್ಲ.

"ಲಿಲಿಯಾನ್, ಆ ಕಾಗದಕ್ಕೆ ಸಹಿ ಹಾಕುವಾಗ ನಾನು ನಿನ್ನನ್ನ ಮರೆತಿರಲಿಲ್ಲ. ಹೆಂಡತಿಯರನ್ನೂ ಸೇರಿಸಿ ಅಂದ್ರೆ ಮಾತುಕತೆ ಮುರಿದುಬೀಳುತ್ತೆ ಅಂದ್ರು. ನಿನ್ನ ಹೆಸರು ಬಾಯಲ್ಲಿತ್ತು. ನುಂಗಿದೆ."

ಅವಳು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಬಯಲಲ್ಲಿ ಬೀಟ್‌ರೂಟಿನ ರಾಶಿಗಳು ಒದ್ದೆಯಾಗಿ ಬಿದ್ದಿದ್ದವು. ಅವಳು ಏನಾದರೂ ಅನ್ನಲಿ, ಉಗಿಯಲಿ, ಬೆನ್ನು ತಿರುಗಿಸಲಿ ಎಂದು ಕಾದೆ.

"ಸಿಲಿಂಡರಿನ ಮೀಟರು ಮುಳ್ಳು ನೋಡು," ಅಂದಳು. "ನನ್ನ ಕನ್ನಡಕ ಚೀಲದಲ್ಲಿದೆ. ಊರು ಮುಟ್ಟೋ ತನಕ ಸಾಕಾಗುತ್ತಾ?"

ಬಗ್ಗಿ ನೋಡಿದೆ. ಮುಳ್ಳು ಕೆಂಪಿಗೆ ತಾಗಿತ್ತು. ಊರು ಇನ್ನೂ ಮೂರು ಗಂಟೆಯ ದಾರಿ.

ನಾನು ಎದ್ದು ಹಿಂದಕ್ಕೆ ತಿರುಗಿದೆ. ನಲವತ್ತು ವರ್ಷದಿಂದ ನನ್ನ ಮಾತು ಕೇಳಿದ ಹೆಂಗಸರ ಎದುರು, ಬಸ್ಸಿನ ಕಂಬಿ ಹಿಡಿದು ನಿಂತು, "ಯ್ವೆಟ್, ಆಸ್ಪತ್ರೆಗೆ ಫೋನು ಹಚ್ಚು. ನಮ್ಮವಳಿಗೆ ಗಾಳಿ ಸಾಲದು," ಅಂದೆ.

ಯ್ವೆಟ್ ನನ್ನನ್ನು ನೋಡಿದಳು. "ನಮ್ಮವಳು" ಎಂದದ್ದನ್ನು ತೂಗುತ್ತಿದ್ದಳು. ಬಸ್ಸೆಲ್ಲ ತೂಗುತ್ತಿತ್ತು. ಅವಳ ಕೈ ಮಡಿಲಲ್ಲಿದ್ದ, ಫೋನಿಟ್ಟ ಚೀಲದ ಬಾಯಿಗೆ ಹೋಯಿತು. ಅದು ತೆರೆಯುವವರೆಗೆ ನಾನು ಉಸಿರಾಡಲಿಲ್ಲ.